ಮೆಕ್ಕೆಜೋಳದ ಸೈನಿಕ ಹುಳು ಯಾವ ದಾರಿಯಿಂದ ಬಂತು?

(ದಾವಣಗೆರೆಯಲ್ಲಿ ರೈತರು ಮತ್ತು ಕೃಷಿ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

2018ರ ಮೇ ತಿಂಗಳಲ್ಲಿ ನಮ್ಮ ಪಕ್ಕದ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ ಒಂದು ಹೊಸ ಹುಳು ಕಂಡಿತು. ಅಲ್ಲಿನ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು ಅದನ್ನು ಗುರುತಿಸಿದರು. ಅಮೆರಿಕ ಖಂಡದ ಆ ಸೈನಿಕ ಹುಳು ಭಾರತದಲ್ಲಿ ದಾಖಲಾದದ್ದು ಅದೇ ಮೊದಲು. ಮುಂಗಾರಿನ ಬೆಳೆ ಮೊಳಕಾಲೆತ್ತರಕ್ಕೆ ಬರುವ ಹೊತ್ತಿಗೆ ಅದು ದಾವಣಗೆರೆ, ಚಿತ್ರದುರ್ಗದ ಹೊಲಗಳಿಗೂ ಇಳಿದಿತ್ತು. ಇಲ್ಲಿ ಕುಳಿತಿರುವ ಬಹುಪಾಲು ಜನ ಆ ವರ್ಷ ಸುಳಿ ಬಿಡಿಸಿ ನೋಡಿದವರೇ. ಸುಳಿಯೊಳಗೆ ಮರದ ಹೊಟ್ಟಿನಂಥ ಒದ್ದೆ ಲದ್ದಿ, ಅದರ ಕೆಳಗೆ ಒಂದೇ ಒಂದು ದಪ್ಪ ಹುಳು. ಒಂದೇ ಯಾಕೆಂದರೆ, ಬೆಳೆಯುತ್ತ ಬಂದಂತೆ ಅದು ತನ್ನ ಒಡಹುಟ್ಟಿದವುಗಳನ್ನೇ ತಿಂದುಹಾಕುತ್ತದೆ. ತಲೆಯ ಮೇಲೆ ತಲೆಕೆಳಗಾದ 'ವೈ' ಅಕ್ಷರ, ಬಾಲದ ಹತ್ತಿರದ ಒಂದು ಖಂಡದ ಮೇಲೆ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಕೃಷಿ ಇಲಾಖೆಯ ಕರಪತ್ರಗಳಲ್ಲಿ ಇದನ್ನು ನೀವು ಓದಿದ್ದೀರಿ.

ಆ ವರ್ಷ ಎಲ್ಲರೂ ಕೇಳಿದ ಪ್ರಶ್ನೆ ಒಂದೇ: ಏನು ಹೊಡೆಯಬೇಕು? ಮನೆಗೆ ಬೆಂಕಿ ಬಿದ್ದಾಗ ಯಾರಾದರೂ ಕೇಳುವುದು ಅದನ್ನೇ. ಇವತ್ತು ನಾನು ಅದರ ಪಕ್ಕದ ಇನ್ನೊಂದು ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ. ಇದು ಎಲ್ಲಿಂದ ಬಂತು? ಅದನ್ನು ತಿಳಿಯುವುದು ಹೇಗೆ? ತಿಳಿದರೆ ಹರಿಹರದ ಭತ್ತಕ್ಕೆ, ಜಗಳೂರಿನ ಮೆಕ್ಕೆಜೋಳಕ್ಕೆ ಆಗುವ ಉಪಯೋಗವೇನು?

ಹುಳು ಮೊದಲು ಎಲ್ಲಿ ಕಂಡಿತು, ಆಮೇಲೆ ಎಲ್ಲಿ ಕಂಡಿತು ಎಂದು ನಕ್ಷೆಯ ಮೇಲೆ ಚುಕ್ಕೆ ಇಡುತ್ತಾ ಹೋಗುವುದು ಹಳೆಯ ಕ್ರಮ. ಹಾಗೆ ಇಟ್ಟರೆ ಕಥೆ ಬಹಳ ಸರಳ. 2016ರ ಆರಂಭದಲ್ಲಿ ಪಶ್ಚಿಮ ಆಫ್ರಿಕಾದ ನೈಜೀರಿಯಾ, ಬೆನಿನ್, ಟೋಗೊ ದೇಶಗಳು. ಮುಂದಿನ ಎರಡು ವರ್ಷಗಳಲ್ಲಿ ಆಫ್ರಿಕಾದ ಬಹುಭಾಗ. 2018ರಲ್ಲಿ ನಾವು. 2019ರ ಜನವರಿಯಲ್ಲಿ ಚೀನಾದ ಯುನ್ನಾನ್, 2020ರ ಆರಂಭದಲ್ಲಿ ಆಸ್ಟ್ರೇಲಿಯಾ. ಈ ಹುಳು ಬೆಳೆದು ಆಗುವ ಪತಂಗ ಗಾಳಿಯ ನೆರವಿದ್ದರೆ ಒಂದೇ ರಾತ್ರಿಯಲ್ಲಿ ನೂರು ಕಿಲೋಮೀಟರ್ ಹಾರಬಲ್ಲದು. ಆದ್ದರಿಂದ ಪಶ್ಚಿಮದಿಂದ ಪೂರ್ವಕ್ಕೆ ತಾನಾಗಿಯೇ ಹಾರುತ್ತ ಬಂತು ಎಂದು ಎಲ್ಲರೂ ಒಪ್ಪಿಕೊಂಡರು. ಆದರೆ ನಕ್ಷೆಯ ಚುಕ್ಕೆ ಹೇಳುವುದು ಹುಳು ಯಾವಾಗ ಮನುಷ್ಯರ ಕಣ್ಣಿಗೆ ಬಿತ್ತು ಎಂಬುದನ್ನಷ್ಟೇ. ಅದು ಯಾವಾಗ ಬಂತು, ಯಾರ ಜೊತೆ ಬಂತು ಎಂಬುದನ್ನಲ್ಲ.

ಅದಕ್ಕಾಗಿಯೇ ಹುಳುವಿನ ಡಿಎನ್‌ಎ ಓದಬೇಕು. ಓದುವುದು ಹೇಗೆ ಎಂದು ವಿದ್ಯಾರ್ಥಿಗಳಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಡೀ ಪತಂಗ ಬೇಕಿಲ್ಲ, ಒಂದು ಕಾಲು ಸಾಕು. ಉಳಿದ ದೇಹವನ್ನು ಸಂಗ್ರಹದಲ್ಲಿ ಇಡಬಹುದು, ನಾಳೆ ಯಾರಾದರೂ ಅನುಮಾನಪಟ್ಟರೆ ತೆಗೆದು ನೋಡಬಹುದು. ಆ ಕಾಲನ್ನು ಪುಟ್ಟ ಪ್ಲಾಸ್ಟಿಕ್ ನಳಿಕೆಯಲ್ಲಿ ಹಾಕಿ, ಪ್ರೋಟೀನ್ ಕರಗಿಸುವ ಕಿಣ್ವ ಬೆರೆಸಿ, 56 ಡಿಗ್ರಿ ಬಿಸಿಯಲ್ಲಿ ಇಡುತ್ತಾರೆ. ಮಾಂಸವೆಲ್ಲ ಕರಗಿ ಡಿಎನ್‌ಎ ದ್ರವಕ್ಕೆ ಬಿಟ್ಟುಕೊಳ್ಳುತ್ತದೆ. ಅದರಲ್ಲಿ ನಮಗೆ ಬೇಕಾದ ತುಣುಕನ್ನು ಮಾತ್ರ ಪಿಸಿಆರ್ ಯಂತ್ರದಲ್ಲಿ ಕೋಟಿ ಕೋಟಿ ಪ್ರತಿ ಮಾಡುತ್ತಾರೆ. ಕೊರೊನಾ ಕಾಲದಲ್ಲಿ ಹೆಸರು ಕೇಳಿದಿರಲ್ಲ, ತತ್ತ್ವ ಅದೇ. ಆಮೇಲೆ ಆ ತುಣುಕಿನ ಎ, ಟಿ, ಜಿ, ಸಿ ಅಕ್ಷರಗಳ ಸಾಲನ್ನು ಓದಿ, ಬೇರೆ ದೇಶಗಳ ಹುಳುಗಳ ಸಾಲಿನ ಪಕ್ಕದಲ್ಲಿಟ್ಟು ಹೋಲಿಸುತ್ತಾರೆ.

ಕೀಟಗಳಲ್ಲಿ ಹೆಚ್ಚಾಗಿ ಓದುವ ತುಣುಕು ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಎಂಬ ಭಾಗದಲ್ಲಿದೆ. ಸುಮಾರು 650 ಅಕ್ಷರಗಳ ಈ ತುಣುಕಿನಿಂದ ಪ್ರಾಣಿಗಳ ಜಾತಿ ಗುರುತಿಸಬಹುದು ಎಂದು 2003ರಲ್ಲಿ ಕೆನಡಾದ ಪಾಲ್ ಹೆಬರ್ಟ್ ತಂಡ ಪ್ರತಿಪಾದಿಸಿತು. ಅದನ್ನೇ ಡಿಎನ್‌ಎ ಬಾರ್‌ಕೋಡ್ ಎನ್ನುತ್ತಾರೆ. ಇದರ ಬಲ ಏನೆಂಬುದಕ್ಕೆ ಬಿಳಿ ನೊಣವೇ ಸಾಕ್ಷಿ. ನಮ್ಮ ಟೊಮೇಟೊ, ಹತ್ತಿಯ ಎಲೆಯಡಿ ಕೂರುವ ಬಿಳಿ ನೊಣ ಒಂದೇ ಜಾತಿ ಎಂದು ಬಹುಕಾಲ ತಿಳಿದಿದ್ದೆವು. ಭೂತಗನ್ನಡಿ ಹಿಡಿದರೂ ವ್ಯತ್ಯಾಸ ಕಾಣದು. ಡಿಎನ್‌ಎ ಓದಿದಾಗ ಆ ಒಂದೇ ಹೆಸರಿನ ಕೆಳಗೆ ಮೂವತ್ತಕ್ಕೂ ಹೆಚ್ಚು ಜಾತಿಗಳು ಅಡಗಿರುವುದು ಗೊತ್ತಾಯಿತು. ಅವುಗಳಲ್ಲಿ ಜಗತ್ತನ್ನೆಲ್ಲ ಕಾಡಿದ ಒಂದು ಬಗೆ 1999ರಲ್ಲಿ ಕೋಲಾರದಲ್ಲಿ ಸಿಕ್ಕಿತು. ಟೊಮೇಟೊಗೆ ಎಲೆಮುದುಡು ರೋಗದ ವೈರಸ್ ಹಂಚುವುದರಲ್ಲಿ ಅದು ನಿಸ್ಸೀಮ. ಡಿಎನ್‌ಎ ಓದದಿದ್ದರೆ, ಹಳೆಯ ಬಿಳಿ ನೊಣವೇ ಈ ವರ್ಷ ಜಾಸ್ತಿಯಾಗಿದೆ ಎಂದುಕೊಂಡು ಸುಮ್ಮನಿರುತ್ತಿದ್ದೆವು.

ಹೊಸದನ್ನು ಹೊಸದೆಂದು ಗುರುತಿಸುವ ಈ ಕೆಲಸದಲ್ಲಿ ಬಾರ್‌ಕೋಡ್ ಅನ್ನು ಮೀರಿಸುವ ಉಪಕರಣ ಇಲ್ಲ. 2021ರಲ್ಲಿ ಬ್ಯಾಡಗಿ ಸೀಮೆಯಿಂದ ಆಂಧ್ರ, ತೆಲಂಗಾಣದವರೆಗೆ ಮೆಣಸಿನಕಾಯಿ ಹೂವನ್ನೆಲ್ಲ ಉದುರಿಸಿದ ಕರಿ ನುಸಿಯ (ಥ್ರಿಪ್ಸ್) ಗುರುತನ್ನು ಖಚಿತಪಡಿಸಲೂ ಡಿಎನ್‌ಎ ನೆರವಿಗೆ ಬಂತು. ಅದು ಆಗ್ನೇಯ ಏಷ್ಯಾದ್ದು.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಒಂದು ಮಾತು. ದಾವಣಗೆರೆಯಲ್ಲಿ ಸಂಜೆ ಮಂಡಕ್ಕಿ ಜೊತೆ ಮೆಣಸಿನಕಾಯಿ ಬಜ್ಜಿ ತಿನ್ನದವರು ಕಡಿಮೆ. ಆ ಮೆಣಸಿನಕಾಯಿ ಅಮೆರಿಕ ಖಂಡದಿಂದ ಬಂದದ್ದು. ಮಂಡಕ್ಕಿಗೆ ಹಾಕುವ ಟೊಮೇಟೊ ಅಲ್ಲಿಂದ ಬಂದದ್ದು. ಚಳ್ಳಕೆರೆಯ ಶೇಂಗಾ, ಹಿರಿಯೂರಿನ ಪಪ್ಪಾಯ, ನಮ್ಮ ಮೆಕ್ಕೆಜೋಳ ಎಲ್ಲವೂ ಅಲ್ಲಿನವೇ. ನಾಲ್ಕೈದು ಶತಮಾನಗಳಿಂದ ಇವನ್ನು ನಮ್ಮವೇ ಎಂಬಂತೆ ಬೆಳೆದಿದ್ದೇವೆ, ಉಂಡಿದ್ದೇವೆ. ಬೆಳೆ ಬಂದಾಗ ಅದರ ಕೀಟಗಳೆಲ್ಲ ಬರಲಿಲ್ಲ. ಹಡಗಿನ ದಿನಗಳಲ್ಲಿ ತಿಂಗಳುಗಟ್ಟಲೆ ಪ್ರಯಾಣದಲ್ಲಿ ಜೀವಂತ ಹುಳು ಉಳಿಯುವುದು ಕಷ್ಟವಿತ್ತು. ಈಗ ವಿಮಾನವಿದೆ, ಒಂದು ದಿನ ಸಾಕು. ಹಿಂದೆ ಉಳಿದಿದ್ದ ಕೀಟಗಳು ತಮ್ಮ ಹಳೆಯ ಬೆಳೆಯನ್ನು ಹುಡುಕಿಕೊಂಡು ಒಂದೊಂದಾಗಿ ಬರುತ್ತಿವೆ. 2008ರಲ್ಲಿ ಕೊಯಮತ್ತೂರಿನಲ್ಲಿ ಪಪ್ಪಾಯ ಹಿಟ್ಟು ತಿಗಣೆ, 2014ರಲ್ಲಿ ಮಹಾರಾಷ್ಟ್ರ, ಕರ್ನಾಟಕಗಳಲ್ಲಿ ಟೊಮೇಟೊ ಎಲೆಸುರಂಗ ಹುಳು, 2016ರಲ್ಲಿ ಪೊಳ್ಳಾಚಿಯ ತೆಂಗಿನಲ್ಲಿ ಸುರುಳಿ ಬಿಳಿ ನೊಣ, 2018ರಲ್ಲಿ ಸೈನಿಕ ಹುಳು. ಹೊಸದುರ್ಗ, ಹೊಳಲ್ಕೆರೆಯ ಕಡೆ ತೆಂಗು ಬೆಳೆಯುವವರಿಗೆ ಆ ಬಿಳಿ ನೊಣದ ಕಾಟವನ್ನು ನಾನು ವಿವರಿಸಬೇಕಿಲ್ಲ. ಗರಿಯ ಮೇಲೆ ಕೂತ ಕಪ್ಪು ಬೂಷ್ಟು ನೋಡಿದ್ದೀರಿ.

ಈಗ ಸೈನಿಕ ಹುಳುವಿಗೆ ಬರೋಣ. ಅದರ ಸ್ವಂತ ನೆಲದಲ್ಲಿ ಇದಕ್ಕೆ ಎರಡು ಬಣಗಳಿವೆ. 1980ರ ದಶಕದಲ್ಲಿ ಅಮೆರಿಕದ ಸಂಶೋಧಕರು ಇದನ್ನು ಕಂಡುಕೊಂಡರು. ಒಂದು ಬಣ ಮೆಕ್ಕೆಜೋಳ, ಹತ್ತಿಯ ಕಡೆ ಹೆಚ್ಚು ಒಲವಿನದು. ಅದನ್ನು ಜೋಳದ ಬಣ ಎನ್ನೋಣ. ಇನ್ನೊಂದು ಭತ್ತ, ಹುಲ್ಲುಗಳ ಕಡೆ ಒಲವಿನದು. ಅದು ಭತ್ತದ ಬಣ. ನೋಡಲು ಎರಡೂ ಒಂದೇ. ಎರಡೂ ಕೂಡುತ್ತವೆ, ಮರಿ ಮಾಡುತ್ತವೆ.

ನಮ್ಮ ದೇಶದ ಹುಳುಗಳ ಬಾರ್‌ಕೋಡ್ ಓದಿದಾಗ ಹೆಚ್ಚಿನವು ಭತ್ತದ ಬಣ ಎಂಬ ಫಲಿತಾಂಶ ಬಂತು. ಭದ್ರಾ ನಾಲೆಯ ಕೆಳಗೆ ಎಷ್ಟು ಗದ್ದೆ ಇದೆ ಎಂದು ನಿಮಗೇ ಗೊತ್ತು. ಇವತ್ತು ಮೆಕ್ಕೆಜೋಳದಲ್ಲಿರುವ ಹುಳು ನಾಳೆ ನಾಲೆ ದಾಟಿ ಗದ್ದೆಗೆ ಇಳಿಯುತ್ತದೆಯೇ? ಇದು ಸುಮ್ಮನೆ ಹುಟ್ಟಿದ ಭಯವಲ್ಲ. ಬಾರ್‌ಕೋಡ್ ಹೇಳಿದ್ದನ್ನು ನೇರವಾಗಿ ನಂಬಿದವರು ಯಾರಾದರೂ ಹಾಗೆಯೇ ಹೆದರಬೇಕಿತ್ತು.

ಆದರೆ ಮೈಟೊಕಾಂಡ್ರಿಯಾದ ಡಿಎನ್‌ಎ ಮರಿಗೆ ಬರುವುದು ತಾಯಿಯಿಂದ ಮಾತ್ರ. ತಂದೆಯ ಪಾಲು ಅದರಲ್ಲಿಲ್ಲ. ನಮ್ಮಲ್ಲಿ ಬೆಡಗು, ಅಂದರೆ ಕುಲದ ಹೆಸರು, ತಂದೆಯಿಂದ ಮಗನಿಗೆ ಇಳಿದು ಬರುವ ಹಾಗೆ ಇದು ತಾಯಿಯಿಂದ ಇಳಿಯುತ್ತದೆ. ಹತ್ತು ತಲೆಮಾರು ಹಿಂದಕ್ಕೆ ಹೋದರೆ ನಿಮಗೆ ಸಾವಿರ ಪೂರ್ವಿಕರು. ಬೆಡಗು ಹೇಳುವುದು ಅವರಲ್ಲಿ ಒಬ್ಬನ ಹೆಸರನ್ನು. ಮಿಕ್ಕ ಅಷ್ಟೂ ಜನರ ರಕ್ತ ನಿಮ್ಮ ಮೈಯಲ್ಲಿ ಹರಿಯುತ್ತಿದ್ದರೂ ಬೆಡಗಿನಲ್ಲಿ ಅವರ ಸುಳಿವಿಲ್ಲ. ಹುಳುವಿನ ಬಾರ್‌ಕೋಡ್ ಕೂಡ ಹಾಗೆಯೇ. ಎಂದೋ ಒಂದು ಭತ್ತದ ಬಣದ ಹೆಣ್ಣು ಜೋಳದ ಬಣದ ಗಂಡಿನೊಡನೆ ಕೂಡಿ, ಅದರ ಹೆಣ್ಣು ಮರಿಗಳು ಮತ್ತೆ ಮತ್ತೆ ಜೋಳದ ಬಣದ ಗಂಡುಗಳೊಡನೆಯೇ ಕೂಡಿದರೆ, ಕೆಲವು ತಲೆಮಾರಿನ ನಂತರ ಹುಳು ಹೆಚ್ಚುಕಡಿಮೆ ಪೂರ್ತಿ ಜೋಳದ ಬಣದ್ದಾಗಿರುತ್ತದೆ. ಬಾರ್‌ಕೋಡ್ ಮಾತ್ರ ಭತ್ತದ ಬಣ ಎನ್ನುತ್ತಲೇ ಇರುತ್ತದೆ.

ಆದ್ದರಿಂದ ಸಂಶೋಧಕರು ಇನ್ನೊಂದು ಜೀನ್ ಓದಿದರು. ಅದರ ಹೆಸರು ಟಿಪಿಐ. ಅದು ಇರುವುದು ಝಡ್ ವರ್ಣತಂತುವಿನ ಮೇಲೆ. ಪತಂಗಗಳಲ್ಲಿ ಗಂಡಿಗೆ ಎರಡು ಝಡ್, ಹೆಣ್ಣಿಗೆ ಒಂದೇ. ನಮ್ಮ ಎಕ್ಸ್, ವೈ ಲೆಕ್ಕ ಅಲ್ಲಿ ತಿರುಗುಮುರುಗು. ಹಾಗಾಗಿ ಈ ಜೀನಿನಲ್ಲಿ ತಂದೆಯ ಪಾಲೂ ಸಿಗುತ್ತದೆ. ಟಿಪಿಐ ಜೀನಿನ ನಾಲ್ಕನೆಯ ಎಕ್ಸಾನ್‌ನಲ್ಲಿ, ಅಂದರೆ ಪ್ರೋಟೀನ್ ಆಗಿ ಹೊರಬರುವ ಒಂದು ಭಾಗದಲ್ಲಿ, 183ನೆಯ ಅಕ್ಷರವನ್ನು ನೋಡಬೇಕು. ಅಲ್ಲಿ ಸಿ ಇದ್ದರೆ ಜೋಳದ ಬಣ, ಟಿ ಇದ್ದರೆ ಭತ್ತದ ಬಣ. ಆ ಒಂದು ಅಕ್ಷರವನ್ನು ಓದಿದಾಗ ಭಾರತದ ಹುಳುಗಳಲ್ಲಿ ಹೆಚ್ಚುಕಡಿಮೆ ಎಲ್ಲ ಕಡೆ ಸಿ ಸಿಕ್ಕಿತು. ಬಾರ್‌ಕೋಡಿನಲ್ಲಿ ಭತ್ತದ ಬಣ ಎನಿಸಿಕೊಂಡವೇ ಇಲ್ಲಿ ಜೋಳದ ಬಣ. ಆಫ್ರಿಕಾದಲ್ಲೂ ಹೀಗೆಯೇ ಇತ್ತು. ನಮ್ಮಲ್ಲಿಗೆ ಬಂದದ್ದು ಬೆರಕೆ ವಂಶ, ಅದರಲ್ಲಿ ಮೇಲುಗೈ ಜೋಳದ ಬಣದ್ದು. ಹೊಲದ ಅನುಭವವೂ ಇದಕ್ಕೆ ಹೊಂದುತ್ತದೆ. 350ಕ್ಕೂ ಹೆಚ್ಚು ಬಗೆಯ ಸಸ್ಯಗಳನ್ನು ತಿನ್ನಬಲ್ಲ ಹುಳು ನಮ್ಮಲ್ಲಿ ಮುಖ್ಯವಾಗಿ ಹಿಡಿದು ಕೂತದ್ದು ಮೆಕ್ಕೆಜೋಳವನ್ನು, ಆಮೇಲೆ ಬಿಳಿಜೋಳದಂಥ ಅದರ ನೆಂಟರನ್ನು. ಗದ್ದೆಗೆ ಅದು ದೊಡ್ಡ ಪಿಡುಗಾಗಲಿಲ್ಲ.

ಇದನ್ನು ನಾನು ಇಷ್ಟು ಹೊತ್ತು ಹೇಳಲು ಕಾರಣವಿದೆ. ಒಂದೇ ಜೀನ್ ಓದಿ, ಹುಳು ಇಂಥಲ್ಲಿಂದ ಬಂದದ್ದು, ಇಂಥ ಬೆಳೆ ತಿನ್ನುವಂಥದ್ದು ಎಂದು ತೀರ್ಪು ಕೊಡುವ ಬರಹಗಳು ಈಗಲೂ ಬರುತ್ತಿವೆ. ಬಾರ್‌ಕೋಡ್ ಅಗ್ಗ, ಬೇಗ ಆಗುತ್ತದೆ, ಪ್ರಬಂಧವೂ ಸಿದ್ಧವಾಗುತ್ತದೆ. ಜಾತಿ ಗುರುತಿಸಲು ಅದು ಸಾಕು. ಬಂದ ದಾರಿ ಹೇಳಲು ಸಾಲದು. ಸಂಶೋಧನೆಗೆ ಇಳಿಯುವ ವಿದ್ಯಾರ್ಥಿಗಳಿಗೆ ನನ್ನ ಗಟ್ಟಿಯಾದ ಅಭಿಪ್ರಾಯ ಇದು: ತಾಯಿಯ ಸಾಲಿನ ಒಂದು ತುಣುಕು ನೋಡಿ ವಲಸೆಯ ಬಾಣ ಎಳೆಯಬೇಡಿ.

ದಾರಿಯ ಕಥೆಯೂ ಹೀಗೆಯೇ ಬದಲಾಯಿತು. ಬಾರ್‌ಕೋಡ್ ಮತ್ತು ಟಿಪಿಐ ಎರಡನ್ನು ಓದಿದ ಮೊದಲ ಅಧ್ಯಯನಗಳು, ಟೋಗೊದ ಹುಳು ಅಮೆರಿಕದ ಫ್ಲೋರಿಡಾ ಕಡೆಯ ಮತ್ತು ಕೆರಿಬಿಯನ್ ದ್ವೀಪಗಳ ಹುಳುವನ್ನು ಹೋಲುತ್ತದೆ ಎಂದವು. ದಕ್ಷಿಣ ಆಫ್ರಿಕಾದ ಹುಳು, ಭಾರತದ ಹುಳು ಎರಡೂ ಒಂದೇ ಮೂಲದಿಂದ ಇತ್ತೀಚೆಗೆ ಬಂದಂತಿವೆ ಎಂದು 2019ರಲ್ಲಿ ಪ್ರಕಟವಾಯಿತು. ಪಶ್ಚಿಮದಿಂದ ಪೂರ್ವಕ್ಕೆ ಎಂಬ ನಕ್ಷೆಯ ಕಥೆಗೆ ಇದು ಚೆನ್ನಾಗಿ ಹೊಂದಿಕೊಂಡಿತು. ಆಮೇಲೆ ಆಸ್ಟ್ರೇಲಿಯಾದ ವಿಜ್ಞಾನಿಗಳ ಮುಂದಾಳತ್ವದಲ್ಲಿ ಬೇರೆ ಬೇರೆ ಖಂಡಗಳ ಹುಳುಗಳ ಇಡೀ ಜೀನೋಮ್, ಅಂದರೆ ಒಂದು ಜೀವಿಯ ಅಷ್ಟೂ ಡಿಎನ್‌ಎ ಅಕ್ಷರಗಳನ್ನು, ಓದಲಾಯಿತು. ಸುಮಾರು 40 ಕೋಟಿ ಅಕ್ಷರಗಳ ಜೀನೋಮಿನ ಉದ್ದಕ್ಕೂ ಹರಡಿರುವ ನೂರಾರು ಕಡೆ, ಈ ಹುಳುವಿನಲ್ಲಿ ಯಾವ ಅಕ್ಷರ, ಆ ಹುಳುವಿನಲ್ಲಿ ಯಾವ ಅಕ್ಷರ ಎಂದು ಹೋಲಿಸಿದರು. 2022ರಲ್ಲಿ ಹೊರಬಂದ ಆ ಫಲಿತಾಂಶ ಸರಳ ಕಥೆಯನ್ನು ಮುರಿಯಿತು. ಒಂದೇ ಬಾರಿ ಬಂದು ಒಂದೇ ದಿಕ್ಕಿನಲ್ಲಿ ಹರಡಿದ್ದಾದರೆ, ಆಫ್ರಿಕಾದಿಂದ ಪೂರ್ವಕ್ಕೆ ಹೋದಂತೆ ವೈವಿಧ್ಯ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕಿತ್ತು. ಹಾಗಾಗಲಿಲ್ಲ. ಮಲೇಷ್ಯಾದ ಹುಳುಗಳು ಎಲ್ಲರಿಗಿಂತ ಬೇರೆಯಾಗಿ ನಿಂತವು. ಏಷ್ಯಾಕ್ಕೆ ಈ ಹುಳು ಒಂದಕ್ಕಿಂತ ಹೆಚ್ಚು ಸಲ, ಒಂದಕ್ಕಿಂತ ಹೆಚ್ಚು ಕಡೆಯಿಂದ ಬಂದಿದೆ ಎಂದು ಆ ತಂಡ ವಾದಿಸಿತು. ಚರ್ಚೆ ಇನ್ನೂ ನಡೆಯುತ್ತಿದೆ. ನನಗೆ ಜೀನೋಮಿನ ಸಾಕ್ಷ್ಯವೇ ಹೆಚ್ಚು ತೂಕದ್ದು ಎನಿಸುತ್ತದೆ.

ಮೆಕ್ಕೆಜೋಳದ್ದೇ ಇನ್ನೊಂದು ಉದಾಹರಣೆ ಯುರೋಪಿನಲ್ಲಿದೆ. ಉತ್ತರ ಅಮೆರಿಕದ ಬೇರುಹುಳು ಒಂದು 1992ರಲ್ಲಿ ಬೆಲ್‌ಗ್ರೇಡ್ ವಿಮಾನ ನಿಲ್ದಾಣದ ಹತ್ತಿರ ಕಂಡಿತು. ಅಲ್ಲಿಂದ ಅದು ಯುರೋಪಿನಲ್ಲೆಲ್ಲ ಹರಡಿತು ಎಂದೇ ಎಲ್ಲರ ನಂಬಿಕೆ. 2005ರಲ್ಲಿ ಡಿಎನ್‌ಎ ಹೋಲಿಸಿದಾಗ, ಅಟ್ಲಾಂಟಿಕ್ ದಾಟಿ ಅದು ಕನಿಷ್ಠ ಮೂರು ಸಲ ಬೇರೆ ಬೇರೆಯಾಗಿ ಬಂದಿರುವುದು ತಿಳಿಯಿತು. ಬಾಗಿಲು ಒಮ್ಮೆ ತೆರೆದು ಮುಚ್ಚಿರಲಿಲ್ಲ, ತೆರೆದೇ ಇತ್ತು.

ಒಮ್ಮೆ ಬಂದರೇನು, ಮೂರು ಸಲ ಬಂದರೇನು, ಬಂದಾಯಿತಲ್ಲ ಎಂದು ನೀವು ಕೇಳಬಹುದು. ವ್ಯತ್ಯಾಸ ದೊಡ್ಡದು. ಮೊದಲ ಸಲ ಬಂದ ಬೆರಳೆಣಿಕೆಯ ಹುಳುಗಳಲ್ಲಿ ವೈವಿಧ್ಯ ಕಡಿಮೆ. ಇರುವಷ್ಟೇ ಜೀನ್‌ಗಳಲ್ಲಿ ಅವು ಬದುಕಬೇಕು. ಮತ್ತೆ ಬಂದವು ಹೊಸ ಜೀನ್‌ಗಳನ್ನು ತರುತ್ತವೆ. ಅವುಗಳಲ್ಲಿ ಔಷಧಿ ತಾಳುವ ಜೀನ್‌ಗಳೂ ಇರಬಹುದು. ಚೀನಾಕ್ಕೆ ನುಗ್ಗಿದ ಸೈನಿಕ ಹುಳುವಿನ ಜೀನೋಮ್ ಓದಿದಾಗ, ಆರ್ಗನೋಫಾಸ್ಫೇಟ್ ಮತ್ತು ಕಾರ್ಬಮೇಟ್ ವರ್ಗದ ಕೀಟನಾಶಕಗಳಿಗೆ ಜಗ್ಗದಂತೆ ಮಾಡುವ ಬದಲಾವಣೆಗಳು ಆಗಲೇ ಅದರೊಳಗಿದ್ದವು. ಅಂದರೆ ಅವು ಆ ಔಷಧಿಗಳನ್ನು ಬೇರೆ ಯಾವುದೋ ದೇಶದ ಹೊಲದಲ್ಲಿ ಎದುರಿಸಿ, ಗೆದ್ದು, ಆಮೇಲೆ ಬಂದವು. ತೌಡು, ಬೆಲ್ಲ ಕಲಸಿ ಹುದುಗಿಸಿ ಸುಳಿಗೆ ಹಾಕುವ ವಿಷ ಪಾಷಾಣಕ್ಕೆ ನೀವು ಬೆರೆಸುವ ಥಯೋಡಿಕಾರ್ಬ್ ಕಾರ್ಬಮೇಟ್ ವರ್ಗದ್ದೇ. ಆದ್ದರಿಂದ ಔಷಧಿ ಹೊಡೆದರೂ ಹುಳು ಸಾಯುತ್ತಿಲ್ಲ ಎಂದು ರೈತ ಹೇಳಿದಾಗ, ನೀನು ಸರಿಯಾಗಿ ಹೊಡೆದಿಲ್ಲ ಎಂದು ಅವನ ಮೇಲೆಯೇ ಹಾಕುವುದು ಅನ್ಯಾಯ. ಹುಳುವಿನ ಜೀನ್ ಒಮ್ಮೆ ನೋಡಿ ಮಾತನಾಡಬೇಕು.

ಇದು ನಮ್ಮ ಕಡೆಗೆ ಮಾತ್ರ ಹರಿಯುವ ಹೊಳೆಯೂ ಅಲ್ಲ. ತೊಗರಿ, ಕಡಲೆ, ಹತ್ತಿಯಲ್ಲಿ ನಮ್ಮನ್ನು ಕಾಡುವ ಹಸಿರು ಕಾಯಿಕೊರಕ ಏಷ್ಯಾ, ಆಫ್ರಿಕಾ, ಯುರೋಪ್, ಆಸ್ಟ್ರೇಲಿಯಾಗಳ ಹುಳು. 2013ರಲ್ಲಿ ಅದು ಬ್ರೆಜಿಲಿನಲ್ಲಿ ಕಂಡಿತು. ಅಲ್ಲಿ ಅದರದೇ ದಾಯಾದಿಯಂಥ ಇನ್ನೊಂದು ಕಾಯಿಕೊರಕ ಮೊದಲೇ ಇತ್ತು. ಎರಡೂ ಕೂಡಿ ಬೆರಕೆಯಾಗಿವೆ ಎಂದು ಜೀನೋಮ್ ತೋರಿಸಿತು. ನಾವು ದಶಕಗಳ ಕಾಲ ಸುರಿದ ಪೈರೆಥ್ರಾಯ್ಡ್ ಔಷಧಿಗಳಿಗೆ ಜಗ್ಗದ ಜೀನ್ ಕೂಡ ಅದರ ಜೊತೆ ಹೋಗಿದೆ.

ಮೂಲ ತಿಳಿಯುವುದರ ಇನ್ನೊಂದು ಉಪಯೋಗ, ಆ ಹುಳುವನ್ನು ಕೊಲ್ಲುವ ಶತ್ರುಕೀಟವನ್ನು ಹುಡುಕುವುದು. 1970ರ ದಶಕದಲ್ಲಿ ಆಫ್ರಿಕಾದ ಮರಗೆಣಸಿಗೆ ಒಂದು ಹಿಟ್ಟು ತಿಗಣೆ ಬಿತ್ತು. ಕೋಟ್ಯಂತರ ಜನರ ಊಟ ಅದು. ತಿಗಣೆ ದಕ್ಷಿಣ ಅಮೆರಿಕದ್ದೆಂದು ಊಹಿಸಿ ವಿಜ್ಞಾನಿಗಳು ಆ ಖಂಡದ ಉತ್ತರ ಭಾಗದಲ್ಲಿ ಹುಡುಕಿದರು. ಅದೇ ರೀತಿ ಕಾಣುವ ತಿಗಣೆ ಸಿಕ್ಕಿತು, ಅದರ ಮೇಲೆ ಬದುಕುವ ಪರತಂತ್ರ ಕಣಜಗಳೂ ಸಿಕ್ಕವು. ತಂದು ನೋಡಿದರೆ ಆ ಕಣಜಗಳು ಆಫ್ರಿಕಾದ ತಿಗಣೆಯನ್ನು ಮುಟ್ಟಲಿಲ್ಲ. ಕಾರಣ, ಉತ್ತರದಲ್ಲಿ ಸಿಕ್ಕಿದ್ದು ಬೇರೆಯೇ ಜಾತಿ. ನಿಜವಾದ ತಿಗಣೆ 1981ರಲ್ಲಿ ದಕ್ಷಿಣದ ಪರಾಗ್ವೆಯಲ್ಲಿ ಸಿಕ್ಕಿತು. ಅಲ್ಲಿಂದ ತಂದ ಕಣಜ ಆಫ್ರಿಕಾದಲ್ಲಿ ತಿಗಣೆಯನ್ನು ಹತೋಟಿಗೆ ತಂದಿತು. ಆ ಕೆಲಸವನ್ನು ಮುನ್ನಡೆಸಿದ ಹ್ಯಾನ್ಸ್ ಹೆರೆನ್ ಅವರಿಗೆ 1995ರ ವಿಶ್ವ ಆಹಾರ ಪ್ರಶಸ್ತಿ ಬಂತು. ಡಿಎನ್‌ಎ ಓದುವ ಅನುಕೂಲ ಅವರಿಗೆ ಇರಲಿಲ್ಲ. ಇದ್ದಿದ್ದರೆ ಮೊದಲ ತಿಗಣೆಯ ಕಾಲು ಓದಿದ ದಿನವೇ ಇದು ಬೇರೆ ಎಂದು ಗೊತ್ತಾಗುತ್ತಿತ್ತು. ಅದೇ ತಿಗಣೆ 2020ರಲ್ಲಿ ಕೇರಳದಲ್ಲಿ ಕಂಡಾಗ ಯಾವ ಕಣಜ ಬೇಕು ಎಂಬ ಪ್ರಶ್ನೆಯೇ ಏಳಲಿಲ್ಲ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ ನೇರವಾಗಿ ಅದನ್ನೇ ತರಿಸಿತು. ಪಪ್ಪಾಯ ಹಿಟ್ಟು ತಿಗಣೆಗೆ 2010ರಲ್ಲಿ ಪೋರ್ಟೊ ರಿಕೊದಿಂದ ಕಣಜ ತರಿಸಿ ಬಿಟ್ಟದ್ದೂ ಇದೇ ಸಂಸ್ಥೆ. ಪಪ್ಪಾಯ, ಹಿಪ್ಪುನೇರಳೆ ಬೆಳೆಗಾರರು ಅದರಿಂದ ಉಳಿದುಕೊಂಡರು.

ಇನ್ನು ನಿಮ್ಮಿಂದ ಆಗಬೇಕಾದದ್ದು. ಹೊಸದೆನಿಸುವ ಹುಳು ಕಂಡರೆ ಮೊಬೈಲಿನಲ್ಲಿ ಫೋಟೊ ತೆಗೆಯುತ್ತೀರಿ, ಒಳ್ಳೆಯದು. ಫೋಟೊದಲ್ಲಿ ಡಿಎನ್‌ಎ ಇರುವುದಿಲ್ಲ. ಆದ್ದರಿಂದ ಹುಳುವನ್ನೂ ಉಳಿಸಿ. ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿದರೆ ಶುದ್ಧ ಆಲ್ಕೋಹಾಲ್ ಹಾಕಿದ ಶೀಶೆ ಕೊಡುತ್ತಾರೆ. ಫಾರ್ಮಲಿನ್ ಬೇಡ; ಅದರಲ್ಲಿ ದೇಹ ಕೆಡದೆ ಉಳಿಯುತ್ತದೆ, ಡಿಎನ್‌ಎ ಓದಲಾಗದಷ್ಟು ಹಾಳಾಗುತ್ತದೆ. ಊರು, ಬೆಳೆ, ತಾರೀಖು ಬರೆದ ಚೀಟಿಯನ್ನು ಶೀಶೆಯ ಒಳಗೇ ಹಾಕಿ. ಪೆನ್ನಿನಲ್ಲಲ್ಲ, ಪೆನ್ಸಿಲಿನಲ್ಲಿ ಬರೆಯಿರಿ. ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿಹೋಗುತ್ತದೆ. ಎಲ್ಲಿಯದೆಂದು ಗೊತ್ತಿಲ್ಲದ ಹುಳು ಎಷ್ಟು ಚೆನ್ನಾಗಿ ಉಳಿದಿದ್ದರೂ ದಾರಿ ಹುಡುಕುವವರಿಗೆ ನಿರುಪಯೋಗಿ.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ಅಮೆರಿಕದ ಉತ್ತರ ಭಾಗದ ಚಳಿಯನ್ನು ಸೈನಿಕ ಹುಳು ತಾಳದು. ಪ್ರತಿ ವರ್ಷ ಟೆಕ್ಸಾಸ್, ಫ್ಲೋರಿಡಾಗಳಿಂದ ಹೊಸದಾಗಿ ಹಾರಿ ಹೋಗಬೇಕು. ಯಾವ ರಾಜ್ಯದ ಹೊಲಕ್ಕೆ ಯಾವ ಕಡೆಯದು ಬಂತು ಎಂದು ಅಲ್ಲಿ ಡಿಎನ್‌ಎ ಮೂಲಕ ಲೆಕ್ಕ ಹಾಕಿದ್ದಾರೆ. ನಮ್ಮಲ್ಲಿ ಅಂಥ ಚಳಿ ಇಲ್ಲ. ಹಾಗಾದರೆ ಜಗಳೂರಿನ ಮಳೆಯಾಶ್ರಿತ ಹೊಲದಲ್ಲಿ ಜೂನ್, ಜುಲೈನಲ್ಲಿ ಕಾಣುವ ಹುಳು ಬೇಸಿಗೆಯಲ್ಲಿ ಎಲ್ಲಿತ್ತು? ಹೊನ್ನಾಳಿ, ಹರಿಹರದ ಕಡೆ ನೀರಾವರಿಯಲ್ಲಿ ಬೆಳೆಯುವ ಬೇಸಿಗೆ ಬೆಳೆಯಲ್ಲಿ ಉಳಿದುಕೊಂಡಿತ್ತೇ, ಬದುವಿನ ಹುಲ್ಲಿನಲ್ಲಿತ್ತೇ, ದೂರದಿಂದ ಗಾಳಿಯಲ್ಲಿ ಬಂತೇ? ಉತ್ತರ ಸುಲಭವಲ್ಲ. ಇತ್ತೀಚೆಗೆ ಬಂದ ಹುಳುವಾದ್ದರಿಂದ ಊರೂರಿನ ನಡುವೆ ವ್ಯತ್ಯಾಸ ತೀರ ಕಡಿಮೆ ಇರುತ್ತದೆ, ಒಂದೆರಡು ಜೀನ್ ಓದಿದರೆ ಎಲ್ಲವೂ ಒಂದೇ ಥರ ಕಾಣುತ್ತವೆ. ಜೀನೋಮಿನ ಸಾವಿರಾರು ಕಡೆ ನೋಡಬೇಕು. ಮಾದರಿಗಳನ್ನು ತಿಂಗಳು ತಪ್ಪದೆ ಸಂಗ್ರಹಿಸಬೇಕು, ಹುಳು ಕಡಿಮೆ ಇರುವ ಮಾರ್ಚ್, ಏಪ್ರಿಲ್‌ನಲ್ಲೂ. ಬೇಸಿಗೆಯ ನೀರಾವರಿ ಬೆಳೆಯೇ ಮೂಲ ಎಂದು ತಿಳಿದರೆ, ಆ ಕೆಲವೇ ಹೊಲಗಳಲ್ಲಿ ಏಪ್ರಿಲ್‌ನಲ್ಲೇ ಗಂಡು ಪತಂಗಗಳನ್ನು ವಾಸನೆಯಿಂದ ಸೆಳೆಯುವ ಮೋಹಕ ಬಲೆ ಹಾಕಿ, ಮೊಟ್ಟೆಯ ಗುಂಪು ಆರಿಸಿ, ಪರತಂತ್ರ ಕಣಜ ಬಿಟ್ಟು, ಮುಂಗಾರಿಗೆ ಮೊದಲೇ ತಡೆಯಲು ನೋಡಬಹುದು. ಆ ಹೊಲಗಳ ರೈತರು ಇಲ್ಲಿಯೇ ಇದ್ದಾರೆ, ಊಟದ ಹೊತ್ತಿನಲ್ಲಿ ಮಾತನಾಡಿ ಫೋನ್ ನಂಬರ್ ತೆಗೆದುಕೊಳ್ಳಿ.